ದಾವಣಗೆರೆಯ ಒಣ ಹವೆಯಲ್ಲಿ ಅಕ್ರಿಲಿಕ್ ಇಂಕ್‌ನಿಂದ ಕಡಲು ಬಿಡಿಸೋದು ಹೇಗೆ?

ವಿಡಿಯೋ ನೋಡಿ ಅಕ್ರಿಲಿಕ್ ಇಂಕ್ ಕಲಿಯುವವರಿಗೆ ಮೊದಲೇ ಒಂದು ಮಾತು. ಅಲ್ಲಿ ತೋರಿಸುವ ಒಣಗುವ ಸಮಯ ನಮ್ಮೂರಿನದ್ದಲ್ಲ. ಅವರು ಪೇಪರ್‌ಗೆ ನೀರು ಹಚ್ಚಿ, ಇಂಕ್ ಬಿಟ್ಟು, ಆರಾಮಾಗಿ ಮಾತಾಡಿ ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಅಷ್ಟು ಹೊತ್ತಿಗೆ ಪೇಪರ್ ಒಣಗಿ ಕೂತಿರುತ್ತದೆ. ಈ ಇಂಕ್‌ನಲ್ಲಿ ಎಲ್ಲಾ ಇರೋದು ಒದ್ದೆಯ ಹದದಲ್ಲಿ. ಯಾವಾಗ ತೊಪ್ಪೆಯಾಗಿರಬೇಕು, ಯಾವಾಗ ಪೂರ್ತಿ ಒಣಗಿರಬೇಕು ಅನ್ನೋದು ಕೈಗೆ ಹತ್ತಿದರೆ ಬಯಲುಸೀಮೆಯಲ್ಲಿ ಕೂತೇ ಒಳ್ಳೆಯ ಕಡಲು ಬಿಡಿಸಬಹುದು.

ಈ ಇಂಕ್ ಅಂದರೆ ನುಣ್ಣಗೆ ಅರೆದ ಬಣ್ಣದ ಪುಡಿ, ಅಕ್ರಿಲಿಕ್ ಅಂಟು, ನೀರು. ಒಂದು ಸಲ ಒಣಗಿದರೆ ಮತ್ತೆ ನೀರಿಗೆ ಬಿಡೋದಿಲ್ಲ. ಜಲವರ್ಣದಲ್ಲಿ ಎರಡನೇ ಪದರ ಹಚ್ಚುವಾಗ ಕೆಳಗಿನದು ಎದ್ದು ಕಲಸಿಹೋಗುವ ಭಯ ಇರುತ್ತೆ ಅಲ್ವಾ, ಇಲ್ಲಿ ಅದಿಲ್ಲ. ತೆಳ್ಳಗೆ ನಾಲ್ಕೈದು ಪದರ ಹಾಕಿದರೂ ತಳದ ನೀಲಿ ಮೇಲಿನದರ ಮೂಲಕ ಕಾಣುತ್ತಲೇ ಇರುತ್ತದೆ, ನೀರಿಗೆ ಆಳ ಬರೋದು ಹಾಗೆ. ಆದರೆ ತಪ್ಪಿದ್ದನ್ನು ಒರೆಸಿ ತೆಗೆಯೋಕೂ ಆಗಲ್ಲ.

ಜಾಸ್ತಿ ಬಾಟಲಿ ಬೇಡ. ಥಾಲೋ ಬ್ಲೂ (ಕಡು ನೀಲಿ), ಥಾಲೋ ಗ್ರೀನ್ (ಕಡು ಹಸಿರು), ಬರ್ಂಟ್ ಸಿಯೆನ್ನಾ (ಕೆಂಗಂದು), ಪೇನ್ಸ್ ಗ್ರೇ (ನೀಲಿ ಛಾಯೆಯ ಕಡು ಬೂದು), ಬಿಳಿ, ಇಷ್ಟು ಸಾಕು. ಡೇಲರ್ ರೌನಿ ಕಂಪನಿಯ ಎಫ್‌ಡಬ್ಲ್ಯೂ ಇಂಕ್ 29.5 ಮಿಲಿಲೀಟರ್ ಬಾಟಲಿಯಲ್ಲಿ ಬರುತ್ತದೆ, ಮುಚ್ಚಳದಲ್ಲೇ ಡ್ರಾಪರ್ ಇರುತ್ತದೆ. ಥಾಲೋ ಬಣ್ಣಗಳು ಬಹಳ ಗಡುಸು, ಒಂದು ಹನಿ ಹೆಚ್ಚಾದರೂ ಇಡೀ ಚಿತ್ರ ನುಂಗಿಬಿಡುತ್ತವೆ. ಬಿಳಿಯ ಬಣ್ಣ ತಳಕ್ಕೆ ಕೂತಿರುತ್ತದೆ, ಪ್ರತಿ ಸಲ ಚೆನ್ನಾಗಿ ಅಲ್ಲಾಡಿಸಿ. ಪೇಪರ್ ದಪ್ಪಗಿನದು, 300 ಜಿಎಸ್‌ಎಂ ಇರಲಿ, ನಾಲ್ಕೂ ಕಡೆ ಹಲಗೆಗೆ ಟೇಪ್ ಹಚ್ಚಿ. ಬ್ರಶ್ ಮಾತ್ರ ಅಗ್ಗದ ಸಿಂಥೆಟಿಕ್ ಸಾಕು, ಯಾಕಂದರೆ ಇಂಕ್ ಒಣಗಿದ ಬ್ರಶ್ ಮತ್ತೆ ಕೆಲಸಕ್ಕೆ ಬರೋದು ಕಷ್ಟ.

ಬಿಡಿಸುವ ಮುಂಚೆ ಒಂದು ಸಲ ಕಡಲನ್ನು ಸರಿಯಾಗಿ ನೋಡಿ ಬನ್ನಿ. ಮರವಂತೆ ನನ್ನ ಮೊದಲ ಆಯ್ಕೆ. ಹೆದ್ದಾರಿ 66ರ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ, ಎರಡು ಥರದ ನೀರು ಒಂದೇ ಜಾಗದಲ್ಲಿ ಸಿಗುತ್ತದೆ. ದಡದ ಹತ್ತಿರ ನೀರಿನ ಆಳ ಕಡಿಮೆಯಾದಾಗ ಅಲೆಯ ಬುಡ ನಿಧಾನವಾಗುತ್ತದೆ, ತಲೆ ಮಾತ್ರ ಮುಂದೆ ಹೋಗಿ ಮಗುಚುತ್ತದೆ. ಮಗುಚುವ ಮುಂಚೆ ಆ ತುದಿ ತೆಳ್ಳಗಾಗಿ, ಹಿಂದಿನ ಬಿಸಿಲು ಅದರೊಳಗೆ ಹಾದು, ಒಂದು ಕ್ಷಣ ಗಾಜಿನಂತೆ ಹಸಿರಾಗಿ ಹೊಳೆಯುತ್ತದೆ. ಅದರ ಕೆಳಗೆ ಮಾತ್ರ ಕಡುಗತ್ತಲು. ಈ ಒಂದು ಪಟ್ಟಿ ಸರಿ ಬಂದರೆ ಚಿತ್ರದಲ್ಲಿ ಅಲೆ ಎದ್ದು ನಿಂತಂತೆ. ಅಷ್ಟು ದೂರ ಹೋಗೋಕೆ ಆಗದಿದ್ದರೆ ಮಾರಿಕಣಿವೆ ಜಲಾಶಯದಲ್ಲೋ ಸೂಳೆಕೆರೆಯಲ್ಲೋ ದೂರದ ನೀರಿನ ಗೆರೆ, ಗಾಳಿಗೆ ಏಳುವ ಸಣ್ಣ ತೆರೆ, ಆಕಾಶದ ನೆರಳು ಅಭ್ಯಾಸ ಮಾಡಬಹುದು. ಮುರಿದು ಬೀಳುವ ಅಲೆ ಮಾತ್ರ ಅಲ್ಲಿ ಸಿಗೋದಿಲ್ಲ.

ಈಗ ಕೆಲಸ. ಬೆಳಿಗ್ಗೆ ಬೇಗ ಕೂತ್ಕೊಳ್ಳಿ, ಫ್ಯಾನ್ ಆಫ್ ಮಾಡಿ. ಬಿಸಿಲು ಮಿನುಗುವ ಜಾಗದಲ್ಲಿ ಬಿಳಿ ಮೇಣದಬತ್ತಿಯನ್ನು ಅಡ್ಡಡ್ಡ ಹಗುರವಾಗಿ ಎಳೆಯಿರಿ, ಅಲ್ಲಿ ಇಂಕ್ ಹಿಡಿಯೋದಿಲ್ಲ. ಕಡಲಿನ ಗೆರೆಗೆ ಟೇಪ್ ಹಚ್ಚಿ, ಅದು ಒಂಚೂರು ವಾಲಿದರೂ ನೀರೆಲ್ಲಾ ಚೆಲ್ಲಿಹೋದಂತೆ ಕಾಣುತ್ತದೆ. ಆಮೇಲೆ ಪೇಪರ್‌ಗೆ ಎರಡು ಸಲ ನೀರು ಹಚ್ಚಿ. ಮೊದಲನೆಯದನ್ನು ಪೇಪರ್ ಕುಡಿಯಲಿ, ಎರಡನೆಯದು ಮೇಲೆ ನಿಲ್ಲಲಿ. ನಮ್ಮ ಒಣ ಹವೆಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಆಕಾಶ ಮುಗಿಸಿ, ಒಣಗಿದ ಮೇಲೆ ಟೇಪ್ ತೆಗೆದು ನೀರಿಗೆ ಇಳಿಯಿರಿ. ದೂರದಲ್ಲಿ ಕಡು, ದಡದ ಕಡೆ ತಿಳಿ. ಅಲೆಯ ತುದಿ ಖಾಲಿ ಬಿಟ್ಟು, ಅದರ ಕೆಳಗೆ ಡ್ರಾಪರ್‌ನಿಂದ ನೀಲಿ ಎಳೆದು, ತಕ್ಷಣ ಸ್ಪ್ರೇ ಬಾಟಲಿಯಿಂದ ಅಂಚಿಗೆ ನೀರು ಹೊಡೆಯಿರಿ. ಇಂಕ್ ತಾನೇ ಹರಿದು ಹೋಗುವ ದಾರಿ ಕೈಯಲ್ಲಿ ಬಿಡಿಸಿದ್ದಕ್ಕಿಂತ ಚೆಂದ. ಹಲಗೆಯನ್ನು ಸ್ವಲ್ಪ ವಾಲಿಸಿ, ಸುಮ್ನೆ ನೋಡ್ತಾ ಇರಿ. ನೀರಿನ ಹೊಳಪು ಇನ್ನೇನು ಆರಬೇಕು ಅನ್ನುವಾಗ ನಾಲ್ಕು ಹರಳು ಕಲ್ಲುಪ್ಪು ಉದುರಿಸಿದರೆ ನೊರೆಯ ಗುಳ್ಳೆಗಳಂಥ ಗುರುತು ಮೂಡುತ್ತದೆ. ಬೇಸಿಗೆಯಲ್ಲಿ ಆ ಹೊತ್ತು ಬಹಳ ಚಿಕ್ಕದು, ಉಪ್ಪು ಕೈಯಲ್ಲೇ ಇರಲಿ. ಒಣಗಿದ ಮೇಲೆ ಒಂದು ಹರಳೂ ಉಳಿಯದಂತೆ ಉದುರಿಸಿ, ಇಲ್ಲದಿದ್ದರೆ ಮಳೆಗಾಲದಲ್ಲಿ ತೇವ ಎಳೆದುಕೊಳ್ಳುತ್ತದೆ.

ಇನ್ನು ಮುಂದಿನದೆಲ್ಲಾ ಪೂರ್ತಿ ಒಣಗಿದ ಪೇಪರ್ ಮೇಲೆ. ಖಾಲಿ ಬಿಟ್ಟ ತುದಿಗೆ ತೆಳು ಹಸಿರು, ಅಲೆಯ ಹೊಟ್ಟೆಗೆ ಇನ್ನೊಂದು ಪದರ ನೀಲಿ. ನೊರೆಗೆ ನೀರು ಬೆರೆಸದ ಬಿಳಿ. ಹಳೇ ಹಲ್ಲುಜ್ಜುವ ಬ್ರಶ್‌ನಿಂದ ಚಿಮುಕಿಸಿ, ಆಕಾಶವನ್ನು ಒಂದು ಹಾಳೆಯಿಂದ ಮುಚ್ಚಿಕೊಂಡು. ಬಿಳಿ ಒಣಗಿದಾಗ ಮಂಕಾಗುತ್ತದೆ, ಹೊಳೆಯಬೇಕಾದ ಕಡೆ ಎರಡನೇ ಸಲ ಹಾಕಿ. ನೊರೆ ಪೂರ್ತಿ ಬೆಳ್ಳಗೆ ಇರೋದಿಲ್ಲ. ನೆರಳಿನ ಭಾಗಕ್ಕೆ ನೀಲಿಯಲ್ಲಿ ಚೂರು ಬರ್ಂಟ್ ಸಿಯೆನ್ನಾ ಬೆರೆಸಿದ ಬೂದು ಬೇಕು, ಆಗಲೇ ನೊರೆಗೆ ಮೈ ಬರೋದು.

ಬಂಡೆಗಳು ಆ ಕರಾವಳಿಯವೇ ಆಗಿರಲಿ, ಚಿತ್ರದುರ್ಗದ ದುಂಡು ಬಂಡೆಗಳನ್ನು ತಂದು ಇಡಬೇಡಿ. ಕೆಂಪು ಜಂಬಿಟ್ಟಿಗೆಗೆ ಸಿಯೆನ್ನಾ ಮತ್ತು ಪೇನ್ಸ್ ಗ್ರೇ ಹಚ್ಚಿ, ಹಸಿ ಇರುವಾಗ ಹಳೇ ಪ್ಲಾಸ್ಟಿಕ್ ಕಾರ್ಡ್‌ನಿಂದ ಕೆರೆಯಿರಿ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪವಾದರೆ ಲಾವಾ ತಣಿದು ಆದ ಕಂಬಗಲ್ಲುಗಳು, ಕೆರೆದ ಗೆರೆಗಳು ನೆಟ್ಟಗೆ ಇರಬೇಕು.

ಇನ್ನೊಂದು ಮಾತು, ಎಲ್ಲರೂ ನೀಲಿ ಕಡಲನ್ನೇ ಬಿಡಿಸುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ನೀರು ಹೊಳೆಗಳ ಮಣ್ಣು ಸೇರಿ ಕಂದು, ಬೂದು ಆಗಿರುತ್ತದೆ. ನನಗೆ ಅದೇ ಹೆಚ್ಚು ಇಷ್ಟ. ಪೇನ್ಸ್ ಗ್ರೇ, ಸಿಯೆನ್ನಾ, ಬಿಳಿ ಮೂರರಲ್ಲೇ ಮುಗಿಯುತ್ತದೆ, ನೀಲಿ ಬಾಟಲಿ ತೆರೆಯೋದೇ ಬೇಡ.

ಬ್ರಶ್‌ಗಳನ್ನು ಕೆಲಸದ ಮಧ್ಯೆಯೂ ನೀರಲ್ಲಿ ಆಡಿಸುತ್ತಿರಿ, ಡ್ರಾಪರ್ ತುದಿ ಒರೆಸಿ ಮುಚ್ಚಳ ಬಿಗಿಯಾಗಿ ಹಾಕಿ. ಚಿತ್ರಕ್ಕೆ ಫ್ರೇಮ್ ಹಾಕಿಸುವಾಗ ಗಾಜು ಪೇಪರ್‌ಗೆ ತಾಗದಂತೆ ನಡುವೆ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಇಡುವ ದಪ್ಪ ರಟ್ಟಿನ ಚೌಕಟ್ಟು) ಇಡಲು ಹೇಳಿ.