ಡ್ಯೂಸೆಲ್ ಹಳ್ಳದ ನೀರು ಎಲ್ಲಿಂದ ಬರುತ್ತದೆ: ದಿಣ್ಣೆಯ ಗೆರೆ ಹಿಡಿದು ನಡೆದ ನನ್ನ ಅನುಭವ

ಡ್ಯೂಸೆಲ್‌ಡಾರ್ಫ್ ಊರಿನ ಹೆಸರಲ್ಲೇ ಒಂದು ಹಳ್ಳ ಇದೆ. ಡ್ಯೂಸೆಲ್ ಅಂತ. ಜರ್ಮನಿಗೆ ಬರುವ ನಮ್ಮವರು ರೈನ್ ನದಿ ದಂಡೆಯಲ್ಲಿ ಫೋಟೋ ತೆಗೆಸಿಕೊಂಡು ಹೋಗುತ್ತಾರೆ, ಈ ಹಳ್ಳವನ್ನು ದಾಟಿದ್ದೂ ಗೊತ್ತಾಗುವುದಿಲ್ಲ. ಪೇಟೆಯೊಳಗೆ ಎಷ್ಟೋ ಕಡೆ ಅದು ರಸ್ತೆಯ ಕೆಳಗೆ ಮುಚ್ಚಿಹೋಗಿದೆ. ಆದರೆ ಅದರ ಉದ್ದ ಸುಮಾರು 40 ಕಿಲೋಮೀಟರ್, ಮತ್ತು ಅದರಲ್ಲಿ ಜಾಸ್ತಿ ಪಾಲು ಹೊಲ, ಹುಲ್ಲುಗಾವಲು, ಕಾಡು, ಸುಣ್ಣಕಲ್ಲಿನ ಕ್ವಾರಿಗಳ ನಡುವೆ ಹೋಗುತ್ತದೆ. ಈ ಹಳ್ಳಕ್ಕೆ ನೀರು ಕೊಡುವ ನೆಲ ಎಲ್ಲಿಂದ ಎಲ್ಲಿವರೆಗೆ ಇದೆ ಅಂತ ನಾನೇ ಗೆರೆ ಎಳೆದು, ನಡೆದು ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಹತ್ತಿರದ ಯಾವ ಹಳ್ಳಕ್ಕಾದರೂ ಇದೇ ರೀತಿ ಮಾಡಬಹುದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಳ್ಳವನ್ನು ತಿಳಿಯಬೇಕಾದರೆ ದಂಡೆಯ ಮೇಲೆ ನಡೆದರೆ ಸಾಲದು, ಸುತ್ತಲಿನ ದಿಣ್ಣೆಗಳ ನೆತ್ತಿಯ ಮೇಲೆ ನಡೆಯಬೇಕು. ದಂಡೆಯಲ್ಲಿ ನೀರು ಕಾಣುತ್ತದೆ, ಅಷ್ಟೇ. ಅದು ಇವತ್ತು ಯಾಕೆ ಕೆಂಪಗಿದೆ, ಮಳೆ ನಿಂತು ಮೂರು ಗಂಟೆ ಆದಮೇಲೆ ಯಾಕೆ ಏರುತ್ತಿದೆ ಅನ್ನುವುದೆಲ್ಲ ಮೇಲಿನಿಂದ ನೋಡಿದರೆ ಮಾತ್ರ ಅರ್ಥವಾಗುತ್ತದೆ.

ಮೊದಲು ಕಾಗದದ ಮೇಲೆ ಕೆಲಸ. 1:25,000 ಅಳತೆಯ ನಕ್ಷೆ ತೆಗೆದುಕೊಂಡೆ, ಕಾಂಟೂರ್ ಗೆರೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ ಇರುವಂಥದ್ದು. ಹಳ್ಳವನ್ನೂ ಅದಕ್ಕೆ ಸೇರುವ ತೊರೆಗಳನ್ನೂ ನೀಲಿ ಪೆನ್ಸಿಲ್‌ನಲ್ಲಿ ತಿದ್ದಿದೆ. ಆಮೇಲೆ ಕೆಂಪು ಪೆನ್ಸಿಲ್ ಹಿಡಿದು, ಯಾವ ಎತ್ತರದ ಜಾಗದಲ್ಲಿ ಬಿದ್ದ ಹನಿ ಈ ಕಡೆ ಬರುತ್ತದೆ, ಯಾವುದು ಆ ಕಡೆ ಹೋಗುತ್ತದೆ ಅಂತ ಒಂದೊಂದೇ ದಿಣ್ಣೆಯ ನೆತ್ತಿಯನ್ನು ಜೋಡಿಸುತ್ತಾ ಹೋದೆ. ಕಾಂಟೂರ್ ಗೆರೆಗಳು ಮೇಲ್ಮುಖವಾಗಿ, ಗುಡ್ಡದ ಕಡೆ ಚೂಪಾಗಿ ಒಳಗೆ ಹೋಗಿದ್ದರೆ ಅಲ್ಲಿ ಕಣಿವೆ. ಕೆಳಮುಖವಾಗಿ ಉಬ್ಬಿದ್ದರೆ ಅದು ದಿಣ್ಣೆಯ ಏಣು. ಇಷ್ಟು ಗೊತ್ತಿದ್ದರೆ ಸಾಕು. ಕಂಪ್ಯೂಟರ್ ಇರುವಾಗ ಕೈಯಲ್ಲಿ ಯಾಕೆ ಅಂತ ಕೇಳಬಹುದು. ಕೈಯಲ್ಲಿ ಎಳೆಯುವಾಗ ಪ್ರತಿ ತಿರುವಿನಲ್ಲೂ ನಿಂತು ಯೋಚಿಸಬೇಕಾಗುತ್ತದೆ, ಆ ಯೋಚನೆಯೇ ಮುಂದೆ ಹೊಲದ ಮಧ್ಯ ನಿಂತಾಗ ಉಪಯೋಗಕ್ಕೆ ಬರುವುದು.

ಗೆರೆ ಪೂರ್ತಿಯಾದ ಮೇಲೆ ನೆರೆಹೊರೆ ಯಾರು ಅಂತ ಸ್ಪಷ್ಟವಾಯಿತು. ಡ್ಯೂಸೆಲ್ ಹುಟ್ಟುವುದು ವ್ಯೂಲ್‌ಫ್ರಾತ್ ಊರಿಗೆ ಸೇರಿದ ಬ್ಲೋಮ್‌ರಾತ್ ಹತ್ತಿರ, ಫೆಲ್‌ಬರ್ಟ್ ಗಡಿಯ ಬಳಿ. ಆ ದಿಣ್ಣೆಯ ಇನ್ನೊಂದು ಮಗ್ಗುಲಲ್ಲಿ ಬಿದ್ದ ಮಳೆ ನೆವಿಗೆಸ್ ಕಡೆ ಇಳಿದು, ಹಾರ್ಡನ್‌ಬರ್ಗ್ ಹಳ್ಳ ಸೇರಿ, ಡೈಲ್ ಹಳ್ಳದ ಮೂಲಕ ರೂರ್ ನದಿಗೆ ಹೋಗುತ್ತದೆ. ವಾಯವ್ಯಕ್ಕೆ ಆಂಗರ್ ಹಳ್ಳ, ಅದೂ ವ್ಯೂಲ್‌ಫ್ರಾತ್‌ನಲ್ಲೇ ಹುಟ್ಟಿ ಡೂಯಿಸ್‌ಬರ್ಗ್‌ನಲ್ಲಿ ರೈನ್ ಸೇರುತ್ತದೆ. ಪೂರ್ವಕ್ಕೂ ದಕ್ಷಿಣಕ್ಕೂ ವುಪ್ಪರ್ ನದಿ. ಹಾನ್ ಕಡೆ ಇಟ್ಟರ್ ಹಳ್ಳ. ಕೊನೆಗೆ ಎಲ್ಲ ನೀರೂ ರೈನ್‌ಗೇ ಹೋಗುವುದು, ಆದರೆ ದಾರಿ ಬೇರೆ, ಹೊತ್ತು ಬೇರೆ. ನೆರೆ ಬಂದಾಗ ಈ ವ್ಯತ್ಯಾಸವೇ ಮುಖ್ಯ.

ಆಮೇಲೆ ಕಂಪ್ಯೂಟರ್. ನಾರ್ತ್ ರೈನ್-ವೆಸ್ಟ್‌ಫಾಲಿಯಾ ರಾಜ್ಯ 2017ರಿಂದ ತನ್ನ ನಕ್ಷೆ ಮಾಹಿತಿಯನ್ನು ಎಲ್ಲರಿಗೂ ಉಚಿತವಾಗಿ ಕೊಡುತ್ತಿದೆ. ಒಂದು ಮೀಟರ್‌ಗೊಂದು ಬಿಂದು ಇರುವ ಎತ್ತರದ ಮಾದರಿಯೂ ಅದರಲ್ಲಿದೆ. ಇದೊಂದು ದೊಡ್ಡ ಉಪಕಾರ ಅಂತಲೇ ನಾನು ಹೇಳುವುದು. ಕ್ಯೂಜಿಐಎಸ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಬೇಕಾದ ತುಂಡುಗಳನ್ನು ಜೋಡಿಸಿ, ಐದು ಮೀಟರ್ ಅಳತೆಗೆ ಇಳಿಸಿದೆ. ಒಂದು ಮೀಟರ್‌ನಲ್ಲೇ ಇಟ್ಟರೆ ಲ್ಯಾಪ್‌ಟಾಪ್ ಒದ್ದಾಡುತ್ತದೆ, ಉಳುಮೆ ಸಾಲೂ ಕಣಿವೆ ಅಂತ ಲೆಕ್ಕಕ್ಕೆ ಬಂದುಬಿಡುತ್ತದೆ. ನಕ್ಷೆಯ ಮೇಲೆ ಜಾಗ ಗುರುತಿಸುವ ನಿರ್ದೇಶಾಂಕ ಪದ್ಧತಿಗೆ ಇಪಿಎಸ್‌ಜಿ 25832 ಅನ್ನುವ ಸಂಕೇತ ಸಂಖ್ಯೆ ಇಟ್ಟುಕೊಳ್ಳಿ. ನೀರು ಯಾವ ದಿಕ್ಕಿಗೆ ಹರಿಯುತ್ತದೆ, ಎಲ್ಲಿ ಕೂಡುತ್ತದೆ ಅಂತ ಅದರೊಳಗೆ ಬಳಸಬಹುದಾದ ಗ್ರಾಸ್ ಅನ್ನುವ ಸಾಫ್ಟ್‌ವೇರ್ ಉಪಕರಣ ಲೆಕ್ಕ ಹಾಕುತ್ತದೆ. ಹಳ್ಳದ ಮೇಲೆ ಒಂದು ಬಿಂದು ಗುರುತಿಸಿದರೆ ಅದರ ಮೇಲಿನ ಇಡೀ ಜಲಾನಯನ ಪ್ರದೇಶ, ಅಂದರೆ ಆ ಬಿಂದುವಿಗೆ ನೀರು ಕೊಡುವ ನೆಲ, ಬಣ್ಣ ತುಂಬಿಕೊಂಡು ಬರುತ್ತದೆ. ಗೆರೆಸ್‌ಹೈಮ್‌ನಲ್ಲಿ ಹಳ್ಳ ಪೇಟೆಗೆ ನುಗ್ಗುವ ಜಾಗವನ್ನು ನಾನು ಬಿಂದುವಾಗಿ ಇಟ್ಟುಕೊಂಡೆ. ಕೆಳಗೆ ಯಾಕೆ ಹೋಗಲಿಲ್ಲ ಅಂತ ಆಮೇಲೆ ಹೇಳುತ್ತೇನೆ.

ಕೈ ಗೆರೆ ಮತ್ತು ಕಂಪ್ಯೂಟರ್ ಗೆರೆ ಗುಡ್ಡದ ಭಾಗದಲ್ಲಿ ಚೆನ್ನಾಗಿ ಹೊಂದಿಕೊಂಡವು. ಹೊಂದದ ಜಾಗಗಳೇ ಸ್ವಾರಸ್ಯ. ರೈಲ್ವೆ ಏರಿ, ಎ3 ಹೆದ್ದಾರಿಯ ಏರಿ ಬಂದಲ್ಲೆಲ್ಲ ಕಂಪ್ಯೂಟರ್ ಅದನ್ನು ಕೆರೆ ಏರಿ ಅಂತ ತಿಳಿದು ನೀರನ್ನು ಅಲ್ಲೇ ನಿಲ್ಲಿಸುತ್ತದೆ ಅಥವಾ ಬೇರೆ ಕಡೆ ತಿರುಗಿಸುತ್ತದೆ. ನಿಜವಾಗಿ ಕೆಳಗೆ ಮೋರಿ ಇರುತ್ತದೆ. ಪ್ರತಿ ಮೋರಿಯನ್ನೂ ಕಣ್ಣಾರೆ ನೋಡಿ, ನಕ್ಷೆಯಲ್ಲಿ ಏರಿಯನ್ನು ಅಲ್ಲಿ ಕತ್ತರಿಸಿ, ಲೆಕ್ಕ ಮತ್ತೆ ಓಡಿಸಬೇಕು. ಕ್ವಾರಿ ಗುಂಡಿಗಳದ್ದು ಇನ್ನೊಂದು ಕಥೆ. ಅಷ್ಟು ಆಳದ ಗುಂಡಿಗೆ ಬಿದ್ದ ಮಳೆ ತಾನಾಗಿ ಹಳ್ಳಕ್ಕೆ ಬರುವುದಿಲ್ಲ. ಕೆಲಸ ನಡೆಯುವ ಕ್ವಾರಿ ಒಣಗಿರಬೇಕಾದರೆ ಪಂಪ್ ಹಾಕಿ ನೀರೆತ್ತಬೇಕು, ಎತ್ತಿದ ನೀರು ಎಲ್ಲೋ ಒಂದು ಹಳ್ಳಕ್ಕೆ ಬೀಳಲೇಬೇಕು. ಎತ್ತರದ ಮಾದರಿಯಲ್ಲಿ ಇದು ಯಾವುದೂ ಇಲ್ಲ.

ಇದಕ್ಕಿಂತ ದೊಡ್ಡ ವಿಷಯ ಸುಣ್ಣಕಲ್ಲು. ವ್ಯೂಲ್‌ಫ್ರಾತ್, ಡೋರ್ನಾಪ್, ಗ್ರ್ಯೂಟನ್, ನಿಯಾಂಡರ್‌ತಾಲ್ ಸುತ್ತ ಇರುವುದು ಡೆವೋನಿಯನ್ ಕಾಲದ ಸುಣ್ಣಕಲ್ಲು, ಸುಮಾರು 38 ಕೋಟಿ ವರ್ಷ ಹಳೆಯದು, ಬೆಚ್ಚಗಿನ ಸಮುದ್ರದ ಹವಳದ ದಿಬ್ಬಗಳಿಂದ ಆದದ್ದು. ಸುಣ್ಣಕಲ್ಲಿನ ಬಿರುಕಿನಲ್ಲಿ ನೀರು ಇಳಿದು, ಕಲ್ಲನ್ನು ಕರಗಿಸಿ, ಒಳಗೆ ತನ್ನದೇ ದಾರಿ ಮಾಡಿಕೊಳ್ಳುತ್ತದೆ. ಹಾಗಾಗಿ ನೆಲದ ಮೇಲೆ ನಾವು ಎಳೆದ ಗೆರೆ ಒಂದು, ನೆಲದೊಳಗಿನ ನೀರಿನ ಗೆರೆ ಇನ್ನೊಂದು. ಪಕ್ಕದ ಹಳ್ಳದ ನೆಲದಲ್ಲಿ ಬಿದ್ದ ಮಳೆ ಈ ಕಣಿವೆಯ ಊಟೆಯಲ್ಲಿ ಎದ್ದು ಬರಬಹುದು. ನನ್ನ ನಕ್ಷೆಯಲ್ಲಿ ಸುಣ್ಣಕಲ್ಲು ಇರುವ ಕಡೆ ಗಡಿಯನ್ನು ಗಟ್ಟಿ ಗೆರೆಯಾಗಿ ಹಾಕದೆ ಚುಕ್ಕಿ ಗೆರೆಯಾಗಿ ಹಾಕಿದ್ದೇನೆ. ಯಾರೇ ಸುಣ್ಣಕಲ್ಲಿನ ಸೀಮೆಯಲ್ಲಿ ಈ ಕೆಲಸ ಮಾಡಿದರೂ ಹಾಗೇ ಮಾಡಬೇಕು ಅಂತ ನನ್ನ ಬಲವಾದ ಅನಿಸಿಕೆ.

ಇನ್ನು ನಡಿಗೆ. ನಾನು ಮೇಲಿನಿಂದ ಶುರು ಮಾಡಿದೆ. ಹುಟ್ಟುವ ಜಾಗದಲ್ಲಿ ಹಳ್ಳ ಒಂದು ಹೆಜ್ಜೆ ಅಗಲವೂ ಇಲ್ಲ. ಸುತ್ತ ಹುಲ್ಲುಗಾವಲು, ಕುದುರೆಗಳು, ಮೆಕ್ಕೆಜೋಳದ ಹೊಲ. ಅಲ್ಲಿ ಒಬ್ಬ ವಯಸ್ಸಾದ ರೈತರು ನನ್ನ ನಕ್ಷೆ ನೋಡಿ ಮಾತಿಗೆ ನಿಂತರು. "ಈ ನೀಲಿ ಗೆರೆ ಸರಿ ಇದೆ. ಆದ್ರೆ ನಮ್ಮ ಹೊಲದ ಕೆಳಗಿರೋ ಮಣ್ಣಿನ ಕೊಳವೆ ಇದ್ರಲ್ಲಿ ಇಲ್ವಲ್ಲ" ಅಂದರು. ಹೊಲ ಜೌಗು ಹಿಡಿಯದ ಹಾಗೆ ನೆಲದಡಿ ಕೊಳವೆ ಹೂತು ನೀರು ಬಸಿಯುವುದು ಜರ್ಮನಿಯಲ್ಲಿ ಹಳೆಯ ಪದ್ಧತಿ. ಬಾಯಿ ಎಲ್ಲಿ ತೆರೆಯುತ್ತದೆ ಅಂತ ಅವರೇ ಕರೆದುಕೊಂಡು ಹೋಗಿ ತೋರಿಸಿದರು. ಪೊದೆಯ ಬುಡದಲ್ಲಿ ಒಂದು ಕೊಳವೆಯಿಂದ ಸಣ್ಣಗೆ ನೀರು ಬರುತ್ತಿತ್ತು, ನಕ್ಷೆಯಲ್ಲಿ ತೋರಿಸಿದ ಊಟೆಗಿಂತ ಅದರಲ್ಲೇ ನೀರು ಜಾಸ್ತಿ. ಇಂಥ ವಿಷಯ ಯಾವ ಉಪಗ್ರಹವೂ ಹೇಳುವುದಿಲ್ಲ, ಆ ನೆಲ ಉತ್ತವರೇ ಹೇಳಬೇಕು. ನೋಡಿದವರನ್ನೆಲ್ಲ ಮಾತಾಡಿಸಿ, ಸಂಕೋಚ ಬೇಡ.

ಡ್ಯೂಸೆಲ್ ಅನ್ನುವ ಹೆಸರಿನದೇ ಒಂದು ಹಳ್ಳಿಯೂ ದಾರಿಯಲ್ಲಿ ಇದೆ. ಅಲ್ಲಿಂದ ಕೆಳಗೆ ಗ್ರ್ಯೂಟನ್. ಹಳೆ ಗ್ರ್ಯೂಟನ್‌ನಲ್ಲಿ ಮರದ ಚೌಕಟ್ಟಿನ ಮನೆಗಳ ಮಧ್ಯೆ ಚಿಕ್ಕ ಡ್ಯೂಸೆಲ್ ಅನ್ನುವ ತೊರೆ ಬಂದು ಕೂಡುತ್ತದೆ. ಇಲ್ಲಿಂದ ವಿಂಕೆಲ್ಸ್ ಗಿರಣಿ ದಾಟಿ ನಿಯಾಂಡರ್‌ತಾಲ್‌ವರೆಗಿನ ದಾರಿ ನನಗೆ ಇಡೀ ಹಳ್ಳದಲ್ಲಿ ತುಂಬಾ ಇಷ್ಟವಾದದ್ದು. ಹಳ್ಳ ತನಗೆ ಬೇಕಾದ ಹಾಗೆ ಬಳುಕಿ ಹೋಗುತ್ತದೆ. ಹೊರ ತಿರುವಿನಲ್ಲಿ ದಂಡೆ ಕೊರೆದಿದೆ, ಒಳ ತಿರುವಿನಲ್ಲಿ ಮರಳು ಕಟ್ಟಿದೆ. ಮರ ಬಿದ್ದರೆ ಬಿದ್ದ ಹಾಗೇ ಬಿಟ್ಟಿದ್ದಾರೆ. ಹೀಗಿರುವ ಕಡೆ ನೆರೆ ನೀರು ಹರಡಿಕೊಂಡು ನಿಧಾನವಾಗುತ್ತದೆ, ಕೆಳಗಿನ ಪೇಟೆಗೆ ಅದರಿಂದ ಲಾಭ.

ನಿಯಾಂಡರ್‌ತಾಲ್ ಬಗ್ಗೆ ಹೇಳದೆ ಮುಂದೆ ಹೋಗಲಾಗುವುದಿಲ್ಲ. ಶಾಲೆಯಲ್ಲಿ ಓದಿದ ನಿಯಾಂಡರ್‌ತಾಲ್ ಮಾನವ ಇದೇ ಹಳ್ಳದ ದಂಡೆಯವನು. ಹಿಂದೆ ಇಲ್ಲಿ ಹಳ್ಳ ಕಡಿದಾದ ಸುಣ್ಣಕಲ್ಲಿನ ಕೊರಕಲಿನಲ್ಲಿ ಹರಿಯುತ್ತಿತ್ತು, ಎರಡೂ ಕಡೆ ಬಂಡೆಗಳಲ್ಲಿ ಗುಹೆಗಳಿದ್ದವು. 19ನೇ ಶತಮಾನದಲ್ಲಿ ಸುಣ್ಣಕಲ್ಲಿಗಾಗಿ ಆ ಬಂಡೆಗಳನ್ನೆಲ್ಲ ಒಡೆದು ತೆಗೆದರು. 1856ರಲ್ಲಿ ಕಣಿವೆ ತಳದಿಂದ ಸುಮಾರು 20 ಮೀಟರ್ ಮೇಲಿದ್ದ ಒಂದು ಗುಹೆಯ ಮಣ್ಣು ತೆಗೆಯುವಾಗ ಕೆಲಸಗಾರರಿಗೆ ಮೂಳೆಗಳು ಸಿಕ್ಕವು. ಎಲ್ಬರ್‌ಫೆಲ್ಡ್‌ನ ಶಾಲಾ ಮೇಷ್ಟ್ರು ಯೋಹಾನ್ ಕಾರ್ಲ್ ಫುಲ್‌ರೋಟ್ ಅವು ಹಳೆಯ ಕಾಲದ ಮನುಷ್ಯನವು ಅಂತ ಗುರುತಿಸಿದರು. ಆಮೇಲೆ ಕೊರಕಲೂ ಹೋಯಿತು, ಗುಹೆಯೂ ಹೋಯಿತು. 1997ರಲ್ಲಿ ರಾಲ್ಫ್ ಶ್ಮಿಟ್ಸ್ ಮತ್ತು ಯೂರ್ಗನ್ ಥಿಸ್ಸನ್ ಅಗೆದು, ಆಗ ಕೆಳಗೆ ಎಸೆದಿದ್ದ ಗುಹೆಯ ಮಣ್ಣನ್ನೇ ಹುಡುಕಿ ತೆಗೆದರು, ಅದರಲ್ಲಿ ಸಿಕ್ಕ ಚೂರು ಹಳೆಯ ಮೂಳೆಗೆ ಸರಿಯಾಗಿ ಕೂಡಿತು. ನನ್ನ ಕೆಲಸಕ್ಕೆ ಇದರ ಅರ್ಥ ಇಷ್ಟು: ಇವತ್ತಿನ ಅಗಲವಾದ ಕಣಿವೆಯನ್ನು ಹಳ್ಳ ಒಂದೇ ಕೊರೆದದ್ದಲ್ಲ. ಅದರ ಆಕಾರ ನೋಡಿ ಹಳ್ಳದ ವಯಸ್ಸು, ಶಕ್ತಿ ಊಹಿಸಲು ಹೋಗಬಾರದು. ಇಲ್ಲೇ ಮೆಟ್‌ಮನ್ ಹಳ್ಳವೂ ಬಂದು ಸೇರುತ್ತದೆ. 1921ರಿಂದಲೇ ಈ ಭಾಗ ಸಂರಕ್ಷಿತ, ದಾರಿ ಬಿಟ್ಟು ಇಳಿಯಬೇಡಿ.

ನೀರಿನ ಪ್ರಮಾಣ ಅಳೆಯಲು ಸುಲಭದ ಉಪಾಯ ಇದೆ. ನೇರವಾಗಿರುವ 10 ಮೀಟರ್ ಉದ್ದ ಆರಿಸಿ, ಮೇಲಿನ ತುದಿಯಲ್ಲಿ ಒಂದು ಕಿತ್ತಳೆ ಹಣ್ಣು ಬಿಡಿ, ಕೆಳಗಿನ ತುದಿಗೆ ಎಷ್ಟು ಸೆಕೆಂಡಿಗೆ ಬರುತ್ತದೆ ನೋಡಿ. ಕಿತ್ತಳೆ ಬಹುಪಾಲು ಮುಳುಗಿ ತೇಲುತ್ತದೆ, ಗಾಳಿ ಅಷ್ಟಾಗಿ ತಳ್ಳುವುದಿಲ್ಲ, ದೂರದಿಂದಲೂ ಕಾಣುತ್ತದೆ. ಅಗಲ 2 ಮೀಟರ್, ಸರಾಸರಿ ಆಳ 20 ಸೆಂಟಿಮೀಟರ್, ವೇಗ ಸೆಕೆಂಡಿಗೆ ಅರ್ಧ ಮೀಟರ್ ಅಂತ ಇಟ್ಟುಕೊಳ್ಳಿ. ಮೂರನ್ನೂ ಗುಣಿಸಿ, ತಳದ ನೀರು ನಿಧಾನ ಇರುವುದರಿಂದ 0.85ರಿಂದ ಮತ್ತೆ ಗುಣಿಸಿ. ಸೆಕೆಂಡಿಗೆ 170 ಲೀಟರ್ ಬರುತ್ತದೆ. ಒಂದೇ ಜಾಗದಲ್ಲಿ ಒಣ ದಿನ, ಮಳೆ ದಿನ, ಮಳೆಯ ಮರುದಿನ ಅಳೆದರೆ ಹಳ್ಳದ ಸ್ವಭಾವ ತಿಳಿಯುತ್ತದೆ. ಆದರೆ ನೆರೆ ಇರುವಾಗ ಮಾತ್ರ ನೀರಿಗೆ ಇಳಿಯಲೇಬೇಡಿ, ಸೇತುವೆ ಮೇಲಿಂದ ನೋಡಿ.

ಮಳೆ ದಿನ ನೋಡುವುದು ಬಹಳ ಮುಖ್ಯ. ಪಶ್ಚಿಮದ ಗಾಳಿ ರೈನ್ ಬಯಲಿನಿಂದ ಗುಡ್ಡ ಏರುವಾಗ ಮಳೆ ಸುರಿಸುತ್ತದೆ. ಹಾಗಾಗಿ ಗುಡ್ಡದ ಸೀಮೆಯ ವುಪ್ಪರ್‌ಟಾಲ್ ಊರಿನಲ್ಲಿ ವರ್ಷಕ್ಕೆ 1,000 ಮಿಲಿಮೀಟರ್ ದಾಟುವ ಮಳೆ, ಕೆಳಗೆ ಡ್ಯೂಸೆಲ್‌ಡಾರ್ಫ್‌ನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಅಂದರೆ ಪೇಟೆಯಲ್ಲಿ ಬಿಸಿಲಿದ್ದರೂ ಹಳ್ಳ ಏರುತ್ತಿರಬಹುದು. ಒಂದು ಚದರ ಕಿಲೋಮೀಟರ್ ಮೇಲೆ ಒಂದೇ ಒಂದು ಮಿಲಿಮೀಟರ್ ಮಳೆ ಬಿದ್ದರೂ ಅದು 10 ಲಕ್ಷ ಲೀಟರ್ ನೀರು. ಗುಡ್ಡದ ಮೇಲೆ ಗಾಳಿ ಹೊತ್ತು ತಂದ ನುಣುಪಾದ ಲೋಯೆಸ್ ಮಣ್ಣಿದೆ, ಬೆಳೆಗೆ ಬಹಳ ಒಳ್ಳೆಯದು, ಆದರೆ ಮೆಕ್ಕೆಜೋಳ ಬಿತ್ತಿದ ಹೊಸತರಲ್ಲಿ ಜೋರು ಮಳೆ ಬಂದರೆ ಮಣ್ಣೇ ಕೊಚ್ಚಿಕೊಂಡು ಹೋಗುತ್ತದೆ. ಅದೇ ಮಳೆಗೆ ಹುಲ್ಲುಗಾವಲಿನಿಂದ ಬರುವ ತೊರೆ ತಿಳಿಯಾಗಿದ್ದು, ಪಕ್ಕದ ಮೆಕ್ಕೆಜೋಳದ ಹೊಲದ ಚರಂಡಿ ಚಹಾ ಬಣ್ಣಕ್ಕೆ ತಿರುಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

2021ರ ಜುಲೈ 14ರಂದು ಇದೆಲ್ಲ ಒಟ್ಟಿಗೆ ಆಯಿತು. ಪಶ್ಚಿಮ ಜರ್ಮನಿಯ ಆ ದೊಡ್ಡ ನೆರೆಯಲ್ಲಿ ಆರ್ ಕಣಿವೆಯ ಸುದ್ದಿ ಎಲ್ಲರೂ ಕೇಳಿದ್ದೀರಿ. ಡ್ಯೂಸೆಲ್ ಕೂಡ ಉಕ್ಕಿತು. ಎರ್ಕ್‌ರಾತ್, ಗೆರೆಸ್‌ಹೈಮ್, ಗ್ರಾಫೆನ್‌ಬರ್ಗ್‌ನ ಓಸ್ಟ್‌ಪಾರ್ಕ್ ಬಡಾವಣೆಯ ಮನೆಗಳಿಗೆ ನೀರು ನುಗ್ಗಿತು. ಗುಡ್ಡದಿಂದ ಬಯಲಿಗೆ ಇಳಿಯುವ ಮೆಟ್ಟಿಲು ಅಲ್ಲೇ ಇದೆ. ಎರ್ಕ್‌ರಾತ್‌ನಿಂದ ಹೋಖ್‌ಡಾಲ್‌ಗೆ ಹೋಗುವ ಹಳೆ ರೈಲು ಹಳಿ ಸುಮಾರು ಎರಡೂವರೆ ಕಿಲೋಮೀಟರ್‌ನಲ್ಲಿ 80 ಮೀಟರ್‌ಗೂ ಜಾಸ್ತಿ ಏರುತ್ತದೆ ಅಂದರೆ ಇಳಿಜಾರು ಎಷ್ಟು ಅಂತ ಯೋಚಿಸಿ. ಆ ಇಳಿಜಾರು ಮುಗಿದು ನೆಲ ಚಪ್ಪಟೆಯಾಗುವ ಕಡೆಯೇ ಮನೆಗಳು ಒತ್ತಾಗಿವೆ.

ಅದರಿಂದ ಕೆಳಗೆ ನಾನು ಜಲಾನಯನದ ಗೆರೆ ಎಳೆಯಲಿಲ್ಲ. ಗೆರೆಸ್‌ಹೈಮ್ ಆದಮೇಲೆ ಹಳ್ಳವನ್ನು ಉತ್ತರ ಡ್ಯೂಸೆಲ್, ದಕ್ಷಿಣ ಡ್ಯೂಸೆಲ್ ಅಂತ ಎರಡಾಗಿ ಒಡೆದಿದ್ದಾರೆ. ಅವೂ ಮತ್ತೆ ಕವಲೊಡೆದು ಒಟ್ಟು ನಾಲ್ಕು ಕಡೆ ರೈನ್ ಸೇರುತ್ತವೆ, ಒಂದು ದೂರದ ಕೈಸರ್ಸ್‌ವೆರ್ತ್‌ನಲ್ಲಿ. ಕ್ಯೋನಿಗ್ಸ್‌ಅಲೇ ಬೀದಿಯ ನಡುವಿನ ಕಾಲುವೆಗೂ ಡ್ಯೂಸೆಲ್ ನೀರೇ ಬರುವುದು. ಅಲ್ಲಿ ಮಳೆ ನೀರು ದಿಣ್ಣೆಯ ಮಾತು ಕೇಳುವುದಿಲ್ಲ, ಚರಂಡಿ ಕೊಳವೆಯ ಮಾತು ಕೇಳುತ್ತದೆ. ಅದಕ್ಕೆ ಕೊಳವೆಗಳ ನಕ್ಷೆಯೇ ಬೇಕು, ಕೆಲಸವೇ ಬೇರೆ.

ಹೋಗಬೇಕು ಅನಿಸಿದವರಿಗೆ: ಎಸ್8 ರೈಲಿನಲ್ಲಿ ಗ್ರ್ಯೂಟನ್‌ನಲ್ಲಿ ಇಳಿದು, ಹಳೆ ಊರಿಗೆ ನಡೆದು, ಹಳ್ಳದ ಜೊತೆ ನಿಯಾಂಡರ್‌ತಾಲ್‌ಗೆ ಹೋಗಿ ಎಸ್28ರಲ್ಲಿ ವಾಪಸ್ ಬರಬಹುದು. ಚಳಿಗಾಲದ ಕೊನೆಯೇ ಒಳ್ಳೆಯ ಕಾಲ. ಎಲೆ ಇಲ್ಲದಿರುವುದರಿಂದ ನೆಲದ ಏರಿಳಿತ ಚೆನ್ನಾಗಿ ಕಾಣುತ್ತದೆ, ಊಟೆಗಳಲ್ಲಿ ನೀರಿರುತ್ತದೆ. ಬೆಳೆ ಇರುವ ಹೊಲಕ್ಕೆ ಕಾಲಿಡಬೇಡಿ. ಗಮ್‌ಬೂಟು ಹಾಕಿಕೊಳ್ಳಿ, ಲೋಯೆಸ್ ಮಣ್ಣು ಬಿಡದೆ ಅಂಟುತ್ತದೆ. ಕಾಗದದ ನಕ್ಷೆಗೆ ಒಂದು ಪ್ಲಾಸ್ಟಿಕ್ ಕವರ್ ಇರಲಿ.