ಮೆಟ್ಟು ಸವೆದು ಹಾಳಾಗಲ್ಲ ಕಣ್ರಪ್ಪ, ಮನೇಲಿ ರಿಪೇರಿ ಮಾಡಿ ಹಾಳಾಗೋದು

ನಂಗೀಗ 71. ಹದಿನಾಲ್ಕು ತುಂಬೋ ಮುಂಚೆ ಮೆಟ್ಟು ಹೊಲಿಯೋ ಉಳಿ ಹಿಡ್ದೋನು, ಊರು ಮಂಡ್ಯ ಜಿಲ್ಲೆ ನಾಗಮಂಗಲದ ಕಡೆ, ಬದುಕೆಲ್ಲ ಕಳ್ದಿದ್ದು ಮೈಸೂರಲ್ಲಿ, ದೇವರಾಜ ಮಾರ್ಕೆಟ್ ಹತ್ರ ಒಂದ್ ಬೀದಿ ಬದೀಲಿ ಕೂತು. ನಾನ್ ಹೇಳ್ತಾ ಹೋಯ್ತೀನಿ, ಮೊಮ್ಮಗಳು ಫೋನಲ್ಲಿ ಟೈಪ್ ಮಾಡ್ಕೋತಾವ್ಳೆ, ನನ್ ಮಾತ್ನ ನೀಟ್ ಮಾಡೋಕೆ ಹೋದ್ರೆ ಬೈತೀನಿ ಅಂತ ಮೊದ್ಲೇ ಹೇಳಿದೀನಿ.

ನನ್ ಹತ್ರ ಬರೋ ಹತ್ತು ಜೊತೇಲಿ ನಿಜವಾಗ್ಲೂ ನಡೆದು ನಡೆದು ಸವೆದಿರೋದು ಮೂರೋ ನಾಲ್ಕೋ ಇರಬೋದು. ಮಿಕ್ಕಿದ್ದೆಲ್ಲ ಮನೇಲಿ ಯಾರೋ ಒಳ್ಳೇದು ಮಾಡ್ತೀನಿ ಅಂತ ಹೋಗಿ ಕೆಡಿಸಿರೋದು. ಮಳೇಲಿ ನೆಂದ ಶೂನ ಬಿಸಿಲಿಗೆ ಇಡೋದು, ಒಲೆ ಪಕ್ಕ ಇಡೋದು, ಈಗಿನೋರು ತಲೆಕೂದ್ಲು ಒಣಗ್ಸೋ ಮಷೀನ್ ಹಿಡೀತಾರಂತೆ, ಅದನ್ನ ಕೇಳಿ ನಂಗೆ ಎದೆ ಧಸಕ್ ಅಂತು. ಒದ್ದೆ ಚರ್ಮಕ್ಕೆ ಬಿಸಿ ತಾಗಿದ್ರೆ ಅದು ಒಣಗೋದಲ್ಲ, ಮುದುರ್ಕೊಳೋದು, ಒಂದ್ಸಲ ಮುದುರಿದ್ರೆ ಯಾವ ಎಣ್ಣೆ ಹಾಕಿದ್ರೂ ವಾಪಸ್ ಬರಲ್ಲ.

ನೀವೇನ್ ಮಾಡ್ಬೇಕು ಅಂದ್ರೆ, ಮೊದ್ಲು ಕೆಸರು ಒರೆಸಿ, ಒಳಗಿನ ಸೋಲ್ ಎತ್ತಕ್ಕೆ ಬಂದ್ರೆ ಎತ್ತಿ ಬೇರೆ ಇಡಿ, ಲೇಸ್ ಬಿಚ್ಚಿ, ಹಳೇ ನ್ಯೂಸ್ ಪೇಪರ್ ಉಂಡೆ ಮಾಡಿ ಒಳಗೆ ತುಂಬಿ, ಒತ್ತಿ ತುರುಕ್ಬೇಡಿ, ಸಡಿಲವಾಗಿ. ಎರಡು ಗಂಟೆ ಬಿಟ್ಟು ಆ ಪೇಪರ್ ತೆಗ್ದು ಹೊಸದು ಹಾಕಿ, ಇಲ್ಲಾಂದ್ರೆ ಒದ್ದೆ ಪೇಪರ್ ಒಳಗೇ ಕೂತು ನಾರುತ್ತೆ. ಆಮೇಲೆ ಫ್ಯಾನ್ ಗಾಳೀಲಿ, ನೆರಳಲ್ಲಿ, ಅಟ್ಟೆ ನೆಲಕ್ಕೆ ಅಂಟದ ಹಾಗೆ ಒಂದ್ ಪಕ್ಕಕ್ಕೆ ಮಲಗ್ಸಿ ಬಿಟ್ಬಿಡಿ. ಒಂದೂವರೆ ದಿನ, ಎರಡು ದಿನ ಆಗ್ಲಿ, ಅವಸರ ಏನು.

ಇದನ್ನ ನಾನು ಕಲ್ತಿದ್ದು ತಪ್ಪು ಮಾಡಿ. ಮೈಸೂರಿಗೆ ಬಂದ ಹೊಸದ್ರಲ್ಲಿ ಒಬ್ರು ಮೇಸ್ತ್ರಿ ಹತ್ರ ಇದ್ದೆ, ಟಾಂಗಾ ಕುದುರೆ ಸಾಮಾನು ಹೊಲಿಯೋರು. ಯಾರದೋ ಮದುವೆ ಗಂಡಿನ ಶೂ, ಬೆಳಿಗ್ಗೆ ಮುಹೂರ್ತ, ರಾತ್ರಿ ಮಳೇಲಿ ನೆಂದು ಬಂದಿತ್ತು. ನಾನು ಜಾಣ ಅನ್ಕೊಂಡು ಇದ್ದಿಲು ಒಲೆ ಪಕ್ಕ ಇಟ್ಟು ಮಲಗ್ಬುಟ್ಟೆ. ಬೆಳಿಗ್ಗೆ ನೋಡಿದ್ರೆ ಮೂತಿ ಮೇಲಕ್ಕೆ ಎದ್ಕೊಂಡು ಒಂದ್ ನಂಬರ್ ಚಿಕ್ಕದಾಗಿದೆ. ಮೇಸ್ತ್ರಿ ಹೊಡೀಲಿಲ್ಲ, ಬಯ್ಯಲೂ ಇಲ್ಲ. ಎರಡು ತುಂಡು ಚರ್ಮ ಕೊಟ್ರು, ಬಿಸಿನೀರಿಗೆ ಹಾಕ್ಲಾ ಅಂದ್ರು. ಒಂದು ತೊಗಟೆ ಹಾಕಿ ಹದ ಮಾಡಿದ್ದು, ಇನ್ನೊಂದು ಕ್ರೋಮ್, ಅಂದ್ರೆ ಕ್ರೋಮಿಯಂ ಉಪ್ಪಲ್ಲಿ ಹದ ಮಾಡಿದ್ದು. ನೀರು ಕುದಿಯೋಕೆ ಮುಂಚೇನೇ, 75-80 ಡಿಗ್ರಿ ಆಸುಪಾಸಿಗೆ, ತೊಗಟೆ ಚರ್ಮ ಹಪ್ಪಳದ ಥರ ಸುರುಳಿ ಆಗೋಯ್ತು, ಕ್ರೋಮ್ ಇದ್ದ ಹಾಗೇ ಇತ್ತು. ಕ್ರೋಮ್ ಚರ್ಮ ಕುಯ್ದು ನೋಡಿದ್ರೆ ಒಳಗೆ ತಿಳಿ ನೀಲಿ ಬೂದಿ ಬಣ್ಣ ಇರ್ತದೆ, ತೊಗಟೇದು ಕಂದು, ಅದು ಗುರುತು. ಆದ್ರೆ ಕ್ರೋಮ್ ತಡೀತದೆ ಅಂತ ಅದನ್ನೂ ಒಲೆ ಪಕ್ಕ ಇಡ್ಬೇಡಿ, ಗಮ್ ಬಿಡ್ತದೆ. ಆ ಮದುವೆ ಗಂಡು ಬಾಡಿಗೆ ಶೂ ಹಾಕ್ಕೊಂಡು ಹಸೆಮಣೆ ಏರ್ದ, ಕಾಸು ನನ್ ಸಂಬಳದಲ್ಲಿ ಹೋಯ್ತು.

ತೊಗಟೆ ಅಂದ್ರೆ ತಂಗಡಿ ತೊಗಟೆ. ಹಳದಿ ಹೂ ಬಿಡ್ತದಲ್ಲ, ರಸ್ತೆ ಬದೀಲಿ, ಅದೇ. ನಮ್ಮಪ್ಪ ಹಸಿ ತೊಗಲನ್ನ ಸುಣ್ಣದ ನೀರಲ್ಲಿ ದಿನಗಟ್ಟಲೆ ನೆನೆಹಾಕಿ, ಕೂದ್ಲು ಹೆರೆದು, ಆಮೇಲೆ ತೊಗಲನ್ನೇ ಚೀಲದ ಹಾಗೆ ಹೊಲ್ದು ಒಳಗೆ ತಂಗಡಿ ಚಕ್ಕೆ ನೀರು ತುಂಬಿ ಮರಕ್ಕೆ ನೇತಾಕೋನು. ತೊಟ್ ತೊಟ್ ಅಂತ ಸೋರ್ತಾ ಇರೋದು, ಕೆಳಗೆ ಬಿದ್ದ ನೀರ್ನ ಹಿಡಿದು ತಿರ್ಗ ಮೇಲಕ್ಕೆ ಹುಯ್ಯೋದು ನನ್ ಕೆಲಸ. ಆ ವಾಸನೆ ಬಗ್ಗೆ ಕೇಳ್ಬೇಡಿ. ಇಸ್ಕೂಲಲ್ಲಿ ನನ್ ಪಕ್ಕ ಯಾರೂ ಕೂರ್ತಿರ್ಲಿಲ್ಲ, ಅದು ಬರೀ ವಾಸನೆಗೆ ಅಲ್ಲ ಅಂತ ಗೊತ್ತಾಗೋಕೆ ಸುಮಾರು ವರ್ಷ ಬೇಕಾಯ್ತು.

ನಮ್ ಕಡೆ ಆಗ ನಾಲೆ ನೀರಿಲ್ಲ, ಕಪಿಲೆ ಬಾವಿ. ಎತ್ತು ಹಿಂದಕ್ಕೂ ಮುಂದಕ್ಕೂ ಹೋಗಿ ನೀರು ಎತ್ತೋ ಚರ್ಮದ ಚೀಲ, ನೇಗಿಲಿಗೆ ಮಿಣಿ, ಬಾರುಕೋಲು, ಗೌಡ್ರ ಮನೆ ಮೆಟ್ಟು, ತಮಟೆ, ಎಲ್ಲಾ ಅಪ್ಪನೇ. ಕೂಲಿ ಅಂತ ಸುಗ್ಗೀಲಿ ಕಣದಲ್ಲಿ ರಾಗಿ. ಊರಿಗೆಲ್ಲ ಮೆಟ್ಟು ಮಾಡ್ಕೊಟ್ಟ ಅಪ್ಪ ಮೇಲ್ಕೇರಿ ಬಂದ್ರೆ ತನ್ ಮೆಟ್ಟು ಬಿಚ್ಚಿ ಕಂಕುಳಲ್ಲಿ ಇಟ್ಕೊಂಡು ನಡೀತಿದ್ದ. ಮೈಸೂರಿಗೆ ನನ್ ನೋಡೋಕೆ ಬಂದಾಗ ಸಯ್ಯಾಜಿ ರಾವ್ ರಸ್ತೆಲಿ ಜನ ನೋಡಿ ಅಭ್ಯಾಸಬಲಕ್ಕೆ ಬಗ್ಗಿ ಬಿಚ್ಚೋಕೆ ಹೋದ, ನಾನು ಕೈ ಹಿಡ್ಕೊಂಡೆ. ಇರ್ಲಿ, ಎಣ್ಣೆ ವಿಷ್ಯಕ್ಕೆ ಬತ್ತೀನಿ.

ಕೊಬ್ರಿ ಎಣ್ಣೆ ಹಚ್ಬೇಡಿ. ಎಲ್ರ ಮನೇಲೂ ಅದೇ ಕೈಗೆ ಸಿಗೋದು, ಹಚ್ಚಿದ ದಿನ ಫಳಫಳ ಅಂತದೆ, ಆಮೇಲೆ ಬಣ್ಣ ಕಪ್ಪಾಗಿ, ಚಳಿಗೆ ಬೆಳ್ಳಗೆ ಗಟ್ಟಿ ಕಟ್ಟಿ, ಧೂಳೆಲ್ಲ ಹಿಡ್ಕೊತದೆ. ನಮ್ಮಪ್ಪ ಹಚ್ತಿದ್ದು ಹರಳೆಣ್ಣೆ, ನಾನೂ ಅದೇ. ಬಾಟ್ಲಿಂದ ಸುರೀಬೇಡಿ, ಹತ್ತಿ ಬಟ್ಟೆ ತುದಿಗೆ ಎರಡು ತೊಟ್ಟು, ಅಂಗೈಲಿ ಉಜ್ಜಿ ಬಿಸಿ ಮಾಡಿ ತೆಳ್ಳಗೆ ಸವರಿ, ರಾತ್ರಿ ಬಿಟ್ಟು ಬೆಳಿಗ್ಗೆ ಒಣಬಟ್ಟೇಲಿ ಒರ್ಸಿ. ಮೂರು ತಿಂಗಳಿಗೆ ಒಂದ್ಸಲ ಸಾಕು. ಜಾಸ್ತಿ ಕುಡಿಸಿದ್ರೆ ಚರ್ಮ ಬಟ್ಟೆ ಥರ ಜೋತು ಬೀಳ್ತದೆ. ತಿಳಿ ಬಣ್ಣದ ಬ್ಯಾಗ್ ಆದ್ರೆ ಮೊದ್ಲು ಕಾಣದ ಮೂಲೇಲಿ ಹಚ್ಚಿ ನೋಡಿ, ಯಾವ ಎಣ್ಣೆ ಆದ್ರೂ ಒಂಚೂರು ಕಪ್ಪು ಮಾಡೇ ಮಾಡ್ತದೆ. ಮಕ್ಮಲ್ ಥರ ಇರೋ ಸ್ವೇಡ್ ಶೂಗೆ ಎಣ್ಣೆನೂ ಬೇಡ ಪಾಲಿಶೂ ಬೇಡ, ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಒಂದೇ ಕಡೆಗೆ ಗುಡ್ಸಿ, ಕಲೆ ಇದ್ರೆ ಮಕ್ಕಳ ರಬ್ಬರಲ್ಲಿ ಉಜ್ಜಿ.

ಹೊಸ ಚಪ್ಲಿ ಕಚ್ಚಿದ್ರೂ ಹರಳೆಣ್ಣೇನೇ, ಬಾರಿನ ಒಳಗಡೆ, ಉಂಗುಟದ ಸುತ್ತ. ಸಂಜೆ ಹೊತ್ತು ಮನೆ ಒಳಗೆ ಅರ್ಧ ಗಂಟೆ ಹಾಕ್ಕೊಂಡು ಓಡಾಡಿ, ನಾಲ್ಕೈದು ದಿನಕ್ಕೆ ಬಗ್ತದೆ. ಕೊಲ್ಹಾಪುರಿ ತಗೊಂಡೋರು ಇದನ್ನ ಮಾಡ್ಲೇಬೇಕು, ಅದು ತೊಗಟೆ ಚರ್ಮ, ನೀರು ಮಾತ್ರ ತಾಗಿಸ್ಬೇಡಿ, ಗದ್ದೆ ಕಡೆಗೆ ಅದ್ನ ಹಾಕ್ಕೊಂಡು ಹೋಗೋರ್ನೂ ನೋಡಿದೀನಿ. ಹೆಸರು ಕೊಲ್ಹಾಪುರಿ ಅಷ್ಟೇ, 2019ರಲ್ಲಿ ಜಿಐ, ಅಂದ್ರೆ ಈ ಸಾಮಾನು ಇಂಥಾ ಊರಿಂದೇ ಅನ್ನೋ ಸರ್ಕಾರಿ ಗುರುತು, ಕೊಟ್ಟಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ಬಿಜಾಪುರನೂ ಸೇರ್ಸವ್ರೆ.

ಇನ್ನು ಕ್ವಿಕ್ ಗಮ್. ಇದರಷ್ಟು ನನ್ ಹೊಟ್ಟೆ ಉರಿಸಿದ್ದು ಇನ್ನೊಂದಿಲ್ಲ. ಅಟ್ಟೆ ಒಂದ್ ಇಂಚು ಬಾಯಿ ಬಿಟ್ಟಿರ್ತದೆ, ನಾಲ್ಕು ಹೊಲಿಗೆ ಕೆಲಸ, ನೀವು ಎರಡು ತೊಟ್ಟು ಹಾಕಿ ಅದುಮ್ತೀರ. ಅದು ಗಾಜಿನ ಥರ ಗಟ್ಟಿ ಆಯ್ತದೆ, ನಡೆಯುವಾಗ ಶೂ ಬಗ್ಗಬೇಕಲ್ವ, ಗಾಜು ಬಗ್ತದಾ? ಪಕ್ಕದಲ್ಲಿ ಸೀಳ್ತದೆ. ಆಮೇಲೆ ನನ್ ಹತ್ರ ತಂದ್ರೆ ಉಳಿ ಒಳಗೆ ಹೋಗಲ್ಲ, ಸೂಜಿ ಮುರೀತದೆ. ಅರ್ಜೆಂಟಿಗೆ ಅಂಟಿಸ್ಲೇಬೇಕು ಅಂದ್ರೆ ನಾವು ಸೊಲ್ಯೂಷನ್ ಅಂತೀವಲ್ಲ ಆ ಹಳದಿ ರಬ್ಬರ್ ಗಮ್ ತಗೊಳಿ. ಎರಡೂ ಕಡೆ ಉಪ್ಪು ಕಾಗದದಲ್ಲಿ ಉಜ್ಜಿ, ಎರಡೂ ಕಡೆ ತೆಳ್ಳಗೆ ಬಳ್ದು, ಅಂಟಿಸ್ಬೇಡಿ, ಕಾಯಿರಿ. ಹತ್ತು ಹದಿನೈದು ನಿಮಿಷ, ಬೆರಳಿಟ್ರೆ ಕೈಗೆ ಹತ್ತಬಾರ್ದು, ಆವಾಗ ಜೋಡಿಸಿ ಸುತ್ತಿಗೇಲಿ ಮೆತ್ತಗೆ ಬಡೀರಿ. ಎಲ್ರೂ ತಪ್ಪೋದು ಆ ಕಾಯೋದ್ರಲ್ಲೇ.

ಹೊಲಿಗೆ ವಿಷ್ಯ ಬಂತು ಅಂತ ಹೇಳ್ತೀನಿ. ಮೇಸ್ತ್ರಿ ಕಲ್ಸಿದ್ದು ಜೋಡಿ ಸೂಜಿ ಹೊಲಿಗೆ. ಒಂದೇ ದಾರ, ಎರಡು ತುದಿಗೆ ಎರಡು ಸೂಜಿ, ಒಂದೇ ತೂತಲ್ಲಿ ಆ ಕಡೆಯಿಂದ ಒಂದು ಈ ಕಡೆಯಿಂದ ಒಂದು. ದಾರಕ್ಕೆ ಜೇನುಮೇಣ ತಿಕ್ಕಿರ್ಬೇಕು. ಇದ್ರಲ್ಲಿ ಒಂದು ಹೊಲಿಗೆ ಕಿತ್ರೂ ಪಕ್ಕದ್ದು ಬಿಡಲ್ಲ, ಕುದುರೆ ಬೆದರಿ ಎಳೆದಾಗ ಪಟ್ಟಿ ಬಿಚ್ಕೊಂಡ್ರೆ ಟಾಂಗಾದಲ್ಲಿರೋರ ಗತಿ ಏನು, ಅದಕ್ಕೆ ಹಂಗೆ. ಮಷೀನ್ ಹೊಲಿಗೇಲಿ ಒಂದು ಕಿತ್ರೆ ಮೂರು ದಿನಕ್ಕೆ ಸಾಲು ಪೂರ್ತಿ ಬತ್ತದೆ. ಅದಕ್ಕೇ ನಾನು ಬಡ್ಕೊಳೋದು, ಬ್ಯಾಗಿನ ಹಿಡಿ ಒಂದು ಹೊಲಿಗೆ ಬಿಟ್ಟ ದಿನಾನೇ ತನ್ನಿ, ಪೂರ್ತಿ ಕೈಗೆ ಬರೋವರ್ಗೂ ಕಾಯ್ಬೇಡಿ.

ಬೂಸ್ಟು ಹಿಡಿಯೋದು ಪ್ಲಾಸ್ಟಿಕ್ ಕವರಿಂದ. ಒಳ್ಳೇ ಶೂ ಅಂತ ಜೋಪಾನವಾಗಿ ಕವರ್ ಕಟ್ಟಿ ಅಲ್ಮೇರಾಲಿ ಇಡ್ತೀರ, ದಸರಾಗೆ ತೆಗೆದ್ರೆ ಹಸಿರು ಬಿಳಿ ಪೌಡರ್. ಮನೆ ಹೊರಗಡೆ ತಗೊಂಡು ಹೋಗಿ ಒಣಬಟ್ಟೇಲಿ ಒರ್ಸಿ, ಆ ಬಟ್ಟೆ ಬಿಸಾಕಿ. ಆಮೇಲೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಬಟ್ಟೆ ಹಿಂಡಿ ಒಂದ್ಸಲ ಒರ್ಸಿ, ಗಾಳೀಲಿ ಒಣಗ್ಸಿ, ಕಾಟನ್ ಚೀಲದಲ್ಲಿ ಇಡಿ, ಹಳೇ ದಿಂಬಿನ ಕವರ್ ಆದ್ರೂ ಸಾಕು. ದಿನಾ ಒಂದೇ ಶೂ ಹಾಕ್ಬೇಡಿ, ಬೆವರು ಆರೋಕೆ ಒಂದ್ ದಿನ ಬೇಕು.

ರೆಗ್ಜಿನ್ ಸೋಫಾ ಬ್ಯಾಗು ಸಿಪ್ಪೆ ಸುಲೀತಾ ಇದ್ರೆ ನನ್ ಹತ್ರ ತರ್ಬೇಡಿ, ಅದು ಬಟ್ಟೆ ಮೇಲೆ ಬಳ್ದಿರೋ ಪ್ಲಾಸ್ಟಿಕ್, ಹಾಕದೆ ಇಟ್ರೂ ಸುಲೀತದೆ. ತಗೊಳೋವಾಗ್ಲೇ ಕುಯ್ದ ಅಂಚು ನೋಡಿ, ಚರ್ಮ ಆದ್ರೆ ಎಳೆ ಎಳೆ ನಾರು ಕಾಣ್ತದೆ, ರೆಗ್ಜಿನ್ ಆದ್ರೆ ಮೇಲೊಂದು ಪದರ ಕೆಳಗೆ ಬಟ್ಟೆ. ಬೆಂಕಿಕಡ್ಡಿ ಗೀರಿ ಟೆಸ್ಟ್ ಮಾಡೋ ಜಾಣರೂ ಅವ್ರೆ, ಬೇಡ. ಬೆಲ್ಟಿಗೆ ಮೊಳೆ ಹೊಡ್ದು ತೂತು ಮಾಡ್ಬೇಡಿ, ಮೊಳೆ ಚರ್ಮವನ್ನ ಸೀಳ್ತದೆ, ಅಲ್ಲಿಂದ ಹರ್ಕೊಂಡು ಹೋಯ್ತದೆ, ಪಂಚಲ್ಲಿ ರೌಂಡಾಗಿ ಕುಯ್ದು ತೆಗೀಬೇಕು, ಯಾವ ಚಮ್ಮಾರನ ಹತ್ರ ಹೋದ್ರೂ ಒಂದ್ ನಿಮಿಷದ ಕೆಲಸ.

ಕೊನೇಗೆ ಎರಡು ಕೋರಿಕೆ. ಒಂದ್ ಶೂ ಕಿತ್ತಿದ್ರೂ ಜೊತೆ ತನ್ನಿ, ಹಿಮ್ಮಡಿ ಎಷ್ಟು ಎತ್ತರ ಕಟ್ಬೇಕು, ದಾರ ಯಾವ ಬಣ್ಣ ಅಂತ ಇನ್ನೊಂದನ್ನ ನೋಡಿದ್ರೇನೇ ಗೊತ್ತಾಗೋದು, ನೀವು ಯಾವ ಕಡೆ ವಾಲಿ ನಡೀತೀರ ಅಂತಾನೂ. ಇನ್ನೊಂದು, ಏನ್ ತುಳಿದಿದ್ರೂ ಪರವಾಗಿಲ್ಲ, ಅಟ್ಟೆ ತೊಳ್ದು ತನ್ನಿ. ಹೊಲಿಯೋವಾಗ ಎರಡು ಕೈಲೂ ಕೆಲಸ ಇರ್ತದೆ, ದಾರದ ತುದಿ ನಾನು ಹಲ್ಲಲ್ಲಿ ಕಚ್ಚಿ ಎಳೆಯೋದು.