ಬಿತ್ತನೆ ಕಾಳಲ್ಲಿ ಅರ್ಗಟ್ ಇದ್ರೆ ಉಪ್ಪುನೀರಲ್ಲಿ ತೇಲಿಸಿ ತೆಗೆಯೋದು ಹೇಗೆ

ಸಜ್ಜೆನೋ, ಗೋಧಿನೋ, ಗೋಧಿ ತರದ ರೈ ಅನ್ನೋ ಧಾನ್ಯನೋ, ಬಿತ್ತೋಕೆ ಇಟ್ಟಿರೋ ಕಾಳು ಹರಡಿದಾಗ ಮಧ್ಯೆ ಕಪ್ಪಗೆ ಗಟ್ಟಿ ತುಂಡು ಸಿಕ್ತಾ? ಇಲಿ ಹಿಕ್ಕೆ ಅಂತ ಬಿಸಾಕೋ ಮುಂಚೆ ಒಂದನ್ನ ಮುರಿದು ನೋಡಿ. ಒಳಗೆ ಬೂದುಬಿಳುಪು ಇದ್ರೆ ಅರ್ಗಟ್, ಬೆರಳಿಗೆ ಮಸಿ ತರ ಪುಡಿ ಅಂಟಿದ್ರೆ ಕಾಡಿಗೆ ರೋಗ, ಅದರ ಕಥೆನೇ ಬೇರೆ.

ಅರ್ಗಟ್ ಅಂದ್ರೆ ಕೆಟ್ಟ ಕಾಳಲ್ಲ, ಕಾಳೇ ಅಲ್ಲ, ಒಂದು ಫಂಗಸ್. ಹೂ ಬಿಡೋ ಟೈಮಲ್ಲಿ ತಂಪು, ಮಳೆ ಹಿಡ್ಕೊಂಡ್ರೆ ಫಂಗಸ್ ಹೂವೊಳಗೆ ಹೊಕ್ಕು ಕಾಳಿನ ಜಾಗದಲ್ಲಿ ತಾನೇ ಕೂತ್ಬಿಡುತ್ತೆ, ಮೊದಲು ತೆನೆಯಿಂದ ಜೇನಿನ ತರ ಅಂಟು ಒಸರುತ್ತೆ, ಅದಕ್ಕೆ ಮುತ್ತೋ ಹುಳಗಳು ಪಕ್ಕದ ತೆನೆಗೂ ಅಂಟಿಸಿ ಹೋಗ್ತವೆ, ಆಮೇಲೆ ಅಲ್ಲೇ ಈ ಕರಿ ಗಟ್ಟಿ ಬೆಳೆಯುತ್ತೆ.

ಈಗ ಕೆಲಸ. 10 ಲೀಟರ್ ನೀರಿಗೆ 2 ಕೆಜಿ ಉಪ್ಪು, ಪೂರ್ತಿ ಕರಗಬೇಕು. ಉಪ್ಪು ಜಾಸ್ತಿ ಆಯ್ತಲ್ಲ ಅಂತ ಕಮ್ಮಿ ಮಾಡಿದ್ರೆ ನೀರು ತೆಳ್ಳಗಾಗಿ ಅರ್ಗಟ್ಟೂ ಕಾಳಿನ ಜೊತೆ ಮುಳುಗುತ್ತೆ, ಎಲ್ಲಾ ವೇಸ್ಟ್. ಕಾಳನ್ನ ಸ್ವಲ್ಪ ಸ್ವಲ್ಪನೇ ಸುರಿದು ಕೈಯಾಡಿಸಿ, ಒಂದು ನಿಮಿಷ ಬಿಟ್ರೆ ಕಪ್ಪು ತುಂಡು, ಜೊತೆಗೆ ಒಂದಷ್ಟು ಜೊಳ್ಳು ಮೇಲೆ ಬರುತ್ತೆ, ಜಾಲರಿ ಸೌಟಲ್ಲಿ ಎತ್ತಿಬಿಡಿ. ಮತ್ತೆ ಕೈಯಾಡಿಸಿ, ಮತ್ತೆ ಎತ್ತಿ. ತಳದ ಕಾಳನ್ನ ತಕ್ಷಣ ಒಳ್ಳೆ ನೀರಲ್ಲಿ ಎರಡು ಮೂರು ಸಲ ತೊಳೀಬೇಕು, ಉಪ್ಪು ಉಳಿದ್ರೆ ಮೊಳಕೆ ಬರಲ್ಲ (ಸುಮಾರು ಜನ ಕೈ ಸುಟ್ಕೊಳ್ಳೋದು ಇಲ್ಲೇ). ನೆರಳಲ್ಲಿ ಒಣಗಿಸಿ.

ಎತ್ತಿದ್ದನ್ನ ದನಕ್ಕಾಗ್ಲಿ ಕೋಳಿಗಾಗ್ಲಿ ಹಾಕ್ಬೇಡಿ ಮಾರಾಯ್ರೆ. ಅದರಲ್ಲಿರೋ ವಿಷ ರಕ್ತನಾಳನ ಬಿಗಿ ಹಿಡಿಯುತ್ತೆ, ದನಗಳಿಗೆ ಕಿವಿ, ಬಾಲದ ತುದಿ, ಗೊರಸು ಕೊಳೆಯುತ್ತೆ, ಹಾಲು ಬತ್ತುತ್ತೆ. ಮನುಷ್ಯರಿಗೂ ಅಷ್ಟೇ, ಮಧ್ಯಯುಗದ ಯುರೋಪಲ್ಲಿ ಇಂಥ ರೈ ಹಿಟ್ಟಿನ ಬ್ರೆಡ್ ತಿಂದು ಜನ ಕೈಕಾಲು ಕಳ್ಕೊಂಡಿದ್ರು. ಬೇಯಿಸಿದ್ರೆ ಸರಿಹೋಗುತ್ತೆ ಅನ್ನೋದು ಸುಳ್ಳು. ಕಪ್ಪು ಜಾಸ್ತಿ ಕಾಣ್ತಿರೋ ಕಾಳನ್ನ ತೊಳೆದು ತಿನ್ನೋ ಸಾಹಸ ಬೇಡ, ಪುಡಿಯಾಗಿರೋ ತುಂಡು ಎಷ್ಟು ಉಳ್ಕೊಂಡಿದೆ ಅಂತ ಕಣ್ಣಿಗೆ ಗೊತ್ತಾಗಲ್ಲ. ಎತ್ತಿದ ತುಂಡುಗಳನ್ನ ಸುಟ್ಟುಹಾಕಿ, ಇಲ್ಲಾ ಆಳವಾಗಿ ಹೂತುಬಿಡಿ.

ಹೊಲದಲ್ಲಿ ಉದುರಿರೋದಕ್ಕೂ ಇದೇ ದಾರಿ, ಒಂದ್ಸಲ ಆಳವಾಗಿ ಉಳುಮೆ ಮಾಡಿದ್ರೆ ಮೇಲೆ ಬರೋಕಾಗ್ದೆ ಅಲ್ಲೇ ಸಾಯುತ್ತೆ. ಮುಂದಿನ ವರ್ಷ ಅಲ್ಲಿ ಏಕದಳ ಬೇಡ, ಯಾವುದಾದ್ರೂ ದ್ವಿದಳ ಹಾಕಿ. ಬದುವಿನ ಹುಲ್ಲನ್ನ ಮಾತ್ರ ಹೂ ಬಿಡೋಕೆ ಮುಂಚೆನೇ ಕೊಯ್ದುಬಿಡಿ, ಎಷ್ಟೋ ಸಲ ರೋಗ ಶುರುವಾಗೋದೇ ಅಲ್ಲಿಂದ.